ವಿನೋದಕ್ಕಾಗಿ ಓದುವುದು ದೋಷವೇ?

ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯರು ಒಂದೆಡೆ ಕೂಡಿದಾಗ, ಮಕ್ಕಳ ಕ್ಷೇಮ, ಮನೆವಾರ್ತೆ, ಗತಿಸಿದ ಗುರುಗಳ ಸ್ಮರಣೆ ಇವೆಲ್ಲವೂ ಮುಗಿದ ಬಳಿಕ ಯಾರಾದರೊಬ್ಬರು, “ಈಚೆಗೆ ಏನನ್ನಾದರೂ ಓದಿದೆಯಾ?” ಎಂದು ಕೇಳುವುದುಂಟು. “ಓದುವುದಕ್ಕೆ ಪುರಸತ್ತೆಲ್ಲಿ?” ಎಂಬುದೇ ಬಹುಮಂದಿಯ ಉತ್ತರ. ಆದರೆ ಅವರಲ್ಲೊಬ್ಬಳು ತುಸು ತಡೆದು, ದನಿ ತಗ್ಗಿಸಿ, ತಾನು ಎರಡು ರಾತ್ರಿ ನಿದ್ದೆಗೆಟ್ಟು ಒಂದು ಕಟ್ಟುಕಥೆಯನ್ನು ಓದಿದೆನೆಂದು ತಪ್ಪೊಪ್ಪಿಕೊಳ್ಳುವವಳಂತೆ ಹೇಳುತ್ತಾಳೆ. ಪರೀಕ್ಷೆಗಾಗಿ ಓದಿದುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಸಂತೋಷಕ್ಕಾಗಿ ಓದಿದುದನ್ನು ಮಾತ್ರ ಹೀಗೆ ಮುಚ್ಚಿಡುವುದೇಕೆ? ಈ ವಿಷಯದಲ್ಲಿ ನನಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ಶಾಲೆಯ ನನ್ನ ಗೆಳತಿಯೊಬ್ಬಳು ಮಂಗಳೂರಿನಿಂದ ಸಿದ್ದಾಪುರಕ್ಕೆ ಒಂದು ಇಂಗ್ಲಿಷ್ ಪುಸ್ತಕವನ್ನು ಕಳುಹಿಸಿದಳು. ಅದರೊಳಗಿಟ್ಟ ಚೀಟಿಯಲ್ಲಿ, “ಅನ್ನಕ್ಕೆ ಎಸರಿಟ್ಟು ಇದನ್ನು ತೆರೆಯಬೇಡ” ಎಂದಷ್ಟೇ ಬರೆದಿದ್ದಳು. ಪುಸ್ತಕವು ‘ಹಾಬಿಟ್’. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಟೋಲ್ಕಿನ್ ಎಂಬವರು ತಮ್ಮ ಮಕ್ಕಳಿಗೆ ಹೇಳುತ್ತಿದ್ದ ಈ ಕಥೆಯು 1937ರಲ್ಲಿ ಅಚ್ಚಾಯಿತು. ಮನೆ ಬಿಟ್ಟು ಕದಲಲೊಲ್ಲದ, ಊಟತಿಂಡಿಯಲ್ಲೇ ಸುಖಿಯಾದ ಬಿಲ್ಬೋ ಎಂಬ ಪುಟ್ಟ ಮನುಷ್ಯನನ್ನು ಹದಿಮೂರು ಮಂದಿ ಕುಬ್ಜರು ಕಳ್ಳನ ಕೆಲಸಕ್ಕೆ ನೇಮಿಸಿಕೊಳ್ಳುತ್ತಾರೆ! ಘಟಸರ್ಪವೊಂದು ಕಾದಿರುವ ಅವರ ಪಿತ್ರಾರ್ಜಿತ ನಿಧಿಯನ್ನು ಅವನು ತಂದುಕೊಡಬೇಕು. ಲಾಭದ ಹದಿನಾಲ್ಕರಲ್ಲೊಂದು ಪಾಲು ಅವನಿಗೆ ಸಲ್ಲಬೇಕು. ಗೆಳತಿಯ ಎಚ್ಚರಿಕೆಯನ್ನು ಮೀರಿದುದರಿಂದ ಆ ದಿನ ನಮ್ಮ ಮನೆಯಲ್ಲಿ ಅನ್ನವು ತಳಹಿಡಿದುದು ನಿಜ. ಆದರೂ ಬಹುಕಾಲದ ಮೇಲೆ ನಾನು ಶಾಲಾ ಬಾಲಿಕೆಯಂತೆ ನಕ್ಕೆನು.

ಇಂಥ ಪುಸ್ತಕಗಳನ್ನು ಕಂಡರೆ ಹಿರಿಯರು ಎರಡು ಆಕ್ಷೇಪಗಳನ್ನು ಎತ್ತುತ್ತಾರೆ. ಮೊದಲನೆಯದು, ಇದು ಬರಿಯ ಸುಳ್ಳು ಎಂಬುದು. ಎರಡನೆಯದು, ಇದು ಕಪಟವನ್ನು ಕಲಿಸುತ್ತದೆ ಎಂಬುದು.

ನಮ್ಮ ಕುಂದಾಪುರ ಸೀಮೆಯವರಿಗೆ ಈ ಆಕ್ಷೇಪಗಳು ಒಪ್ಪುವಂಥವಲ್ಲ. ಇಲ್ಲಿ ಚಂದ್ರಹಾಸನ ಪ್ರಸಂಗವನ್ನು ಯಕ್ಷಗಾನದಲ್ಲಿ ನೋಡಿ ಆನಂದಿಸದ ಮನೆಗಳು ವಿರಳ. ದುಷ್ಟಬುದ್ಧಿಯ ಪತ್ರವನ್ನು ಹೊತ್ತು ಬಂದ ಚಂದ್ರಹಾಸನು ಉದ್ಯಾನದಲ್ಲಿ ಮಲಗಿದ್ದಾಗ, ಮಂತ್ರಿಯ ಮಗಳಾದ ವಿಷಯೆಯು ಅದನ್ನು ಬಿಚ್ಚಿ ಓದಿ, ಬರೆಹವನ್ನು ಕೊಂಚವೇ ತಿದ್ದಿ, ‘ವಿಷ’ವನ್ನು ‘ವಿಷಯೆ’ಯನ್ನಾಗಿಸುತ್ತಾಳೆ. ಒಂದು ಪ್ರಾಣವು ಉಳಿಯುತ್ತದೆ. ಒಂದು ವಿವಾಹವೂ ಕೂಡಿಬರುತ್ತದೆ. ಓದುಬರೆಹ ಬಲ್ಲ ಹೆಣ್ಣುಮಗಳ ಜಾಣ್ಮೆಯನ್ನು ಇದಕ್ಕಿಂತ ಮನೋಹರವಾಗಿ ತೋರಿಸುವ ಕಥೆ ಯಾವುದಿದೆ? ಈ ಕಥೆಯುಳ್ಳ ಲಕ್ಷ್ಮೀಶನ ಜೈಮಿನಿ ಭಾರತವನ್ನು ಮುದ್ರಿಸಿ ಪ್ರಕಟಿಸಿದವರಲ್ಲಿ ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗರೂ ಒಬ್ಬರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಅವರೇ ಮುಂದೆ 1848ರಿಂದ ಕನ್ನಡದ ಹಳೆಯ ಕಾವ್ಯಗಳ ಗ್ರಂಥಮಾಲೆಯನ್ನು ನಡೆಸಿದರು. ಧರ್ಮಬೋಧೆಗಾಗಿ ಬಂದವರು ಕೂಡ ಕಥೆಗೆ ಬಾಗಿಲು ಮುಚ್ಚಲಿಲ್ಲವೆಂಬುದನ್ನು ಮಿಶನ್ ಶಾಲೆಯಲ್ಲಿ ಕಲಿತ ನಾವು ಮರೆಯಬಾರದು.

ಸತ್ಯವೇದದಲ್ಲಾದರೂ ಏನು ಓದುತ್ತೇವೆ? ರಾಹಾಬಳು ಗೂಢಚಾರರಿಬ್ಬರನ್ನು ಮಾಳಿಗೆಯ ಮೇಲೆ ದಂಟುಗಳ ರಾಶಿಯಲ್ಲಿ ಅಡಗಿಸಿ, ಹುಡುಕುತ್ತ ಬಂದವರನ್ನು ಬೇರೆ ದಾರಿಗೆ ಅಟ್ಟುತ್ತಾಳೆ. ಗಿದ್ಯೋನನು ಮುನ್ನೂರೇ ಮಂದಿಗೆ ತುತೂರಿಗಳನ್ನೂ ಪಂಜುಗಳನ್ನಡಗಿಸಿದ ಮಡಕೆಗಳನ್ನೂ ಕೊಟ್ಟು, ನಡುರಾತ್ರಿಯಲ್ಲಿ ಮಡಕೆಗಳನ್ನೊಡೆಯಿಸಿ, ಮಹಾಸೈನ್ಯವನ್ನು ಗಾಬರಿಗೊಳಿಸುತ್ತಾನೆ. ಭಾನುವಾರದ ಶಾಲೆಯಲ್ಲಿ ಈ ಪಾಠ ಬಂದಾಗ ಯಾವ ಮಗುವೂ ತೂಕಡಿಸುವುದಿಲ್ಲ.

ಸಂಸ್ಕೃತದ ದಂಡಿಯು ‘ದಶಕುಮಾರ ಚರಿತ’ದಲ್ಲಿ ಇನ್ನೂ ಮುಂದುವರಿದಿದ್ದಾನೆ. ಅಲ್ಲಿನ ಅಪಹಾರವರ್ಮನು ಚಂಪಾನಗರದ ಲೋಭಿಗಳಿಗೆ ಸಂಪತ್ತಿನ ನಶ್ವರತೆಯನ್ನು ತಿಳಿಸಲೆಂದೇ ಕನ್ನಕ್ಕೆ ಹೊರಡುತ್ತಾನೆ. ಅವನ ಸಲಕರಣೆಗಳಲ್ಲಿ ಅಳತೆಯ ದಾರ, ಇಕ್ಕುಳ, ಹಗ್ಗ, ಮಾಯದ ಚೂರ್ಣ, ಮನುಷ್ಯನ ತಲೆಯಂತಿರುವ ಬೊಂಬೆ, ಸಾಲದುದಕ್ಕೆ ದೀಪವಾರಿಸಲು ದುಂಬಿಗಳನ್ನು ತುಂಬಿದ ಕರಡಿಗೆ! ಈ ಕುಮಾರರ ಕಥೆಯನ್ನು ಚೌಂಡರಸನು ಕನ್ನಡಕ್ಕೂ ತಂದನು. ಇದನ್ನೋದಿ ಕನ್ನ ಕೊರೆಯಲು ಹೊರಟ ಪಂಡಿತರಾರನ್ನೂ ನಾನು ಕೇಳಿಲ್ಲ.

ಹಾಗೆಂದು ಅಚ್ಚಾದ ಕಥೆಗಳೆಲ್ಲವೂ ಒಳ್ಳೆಯವೆಂದು ನನ್ನ ವಾದವಲ್ಲ. ಕ್ರೌರ್ಯದಲ್ಲಿ ರುಚಿ ಹುಟ್ಟಿಸುವ, ದುರ್ಬಲರನ್ನು ಹಾಸ್ಯಕ್ಕೀಡುಮಾಡುವ ಪುಸ್ತಕಗಳೂ ಇವೆ. ಅವನ್ನು ಬೇರ್ಪಡಿಸಲು ನಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಮೋಸಹೋದವನು ಯಾರು, ಬಡವನೋ ಗರ್ವಿಷ್ಠನೋ? ಆಪತ್ತಿನಲ್ಲಿ ಸಂಗಡಿಗರು ಒಬ್ಬರನ್ನೊಬ್ಬರು ಕೈಬಿಟ್ಟರೋ ಕಾಪಾಡಿದರೋ? ಕೈಗೆ ಬಂದ ನಿಧಿಯನ್ನು ನಾಯಕನು ಏನು ಮಾಡಿದನು? ಬಿಲ್ಬೋ ತನಗೆ ದೊರೆತ ಅನರ್ಘ್ಯ ರತ್ನವನ್ನು ಯುದ್ಧವು ತಪ್ಪಲೆಂದು ಎದುರು ಪಕ್ಷದವರಿಗೆ ಒಪ್ಪಿಸಿಬಿಡುತ್ತಾನೆ. ಇಷ್ಟು ನೀತಿಯು ನಗುನಗುತ್ತ ಮನಸ್ಸಿಗಿಳಿದ ಮೇಲೆ ಕೊನೆಯಲ್ಲಿ ಪ್ರತ್ಯೇಕ ಉಪದೇಶದ ಅವಶ್ಯವಿಲ್ಲ.

ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಮಗಳ ಕೈಯಲ್ಲಿ ಪಾಠಪುಸ್ತಕವಲ್ಲದ ಪುಸ್ತಕವನ್ನು ಕಂಡೊಡನೆ ಕಸಿದುಕೊಳ್ಳಬೇಡಿರಿ. ಉಪಯುಕ್ತವಾದುದನ್ನು ಮಾತ್ರ ಓದಿ ಬೆಳೆದ ಹುಡುಗಿಯು, ಪರೀಕ್ಷೆಗಳು ಮುಗಿದ ದಿನವೇ ಪುಸ್ತಕವನ್ನು ಮುಚ್ಚಿಬಿಡುತ್ತಾಳೆ. ಒಳ್ಳೇ ಅಂಕಗಳನ್ನು ಪಡೆದ ನಮ್ಮ ಸಹಪಾಠಿನಿಯರೆಷ್ಟೋ ಮಂದಿ ಮದುವೆಯ ಬಳಿಕ ಒಂದು ಪುಸ್ತಕವನ್ನೂ ತೆರೆದವರಲ್ಲ. ಅವರಿಗೆ ಬುದ್ಧಿಯ ಕೊರತೆಯಿರಲಿಲ್ಲ; ಓದಿನಲ್ಲಿ ಸಂತೋಷವಿದೆಯೆಂದು ಸಕಾಲದಲ್ಲಿ ಯಾರೂ ತೋರಿಸಿಕೊಡಲಿಲ್ಲ. ನಾನೂ ಅವರಲ್ಲೊಬ್ಬಳಾಗಿದ್ದೆನು. ನನ್ನನ್ನು ಮರಳಿ ಓದಿಗೆ ತಂದುದು ಗೆಳತಿಯ ಆ ಚೀಟಿ.

ಆದಕಾರಣ, ಹಳೆ ವಿದ್ಯಾರ್ಥಿನಿಯರಾದ ಸಹೋದರಿಯರೇ, ಉಪ್ಪಿನಕಾಯಿಯ ಭರಣಿಯನ್ನು ಒಬ್ಬರಿಗೊಬ್ಬರು ಕಳುಹಿಸುವಂತೆ ಪುಸ್ತಕಗಳನ್ನೂ ಕಳುಹಿಸೋಣ. ಕೊಡುವಾಗ ಒಂದೇ ಮಾತು ಸಾಕು. ಕಥೆಯ ಕೊನೆಯನ್ನು ಹೇಳುವುದು ಬೇಡ. ಪಡೆದವಳಿಗೆ ರುಚಿಸದಿದ್ದರೆ ಬೇಸರವೂ ಬೇಡ. ನನ್ನ ಪಾಲಿನದನ್ನು ಇಲ್ಲಿಯೇ ಸಲ್ಲಿಸುತ್ತೇನೆ. ಚಿಕ್ಕ ಮಕ್ಕಳಿರುವ ಮನೆಗೆ ಪಂಜೆ ಮಂಗೇಶರಾಯರ ‘ಇಲಿಗಳ ಥಕಥೈ’. ಗಟ್ಟಿಯಾಗಿ ಓದಿರಿ, ಮಕ್ಕಳು ಕುಣಿಯದಿದ್ದರೆ ಕೇಳಿರಿ. ನಮ್ಮಂತೆ ಘಟ್ಟದ ಬುಡದಲ್ಲಿ ವಾಸಿಸುವವರಿಗೆ ಪೂರ್ಣಚಂದ್ರ ತೇಜಸ್ವಿಯವರು 1994ರಲ್ಲಿ ಪ್ರಕಟಿಸಿದ ‘ಜುಗಾರಿ ಕ್ರಾಸ್’. ಅದರಲ್ಲಿ ಗಂಡಹೆಂಡಿರಿಬ್ಬರೂ ಒಟ್ಟಾಗಿ ಅಪಾಯಕ್ಕೆ ಸಿಲುಕುತ್ತಾರೆ, ಒಟ್ಟಾಗಿಯೇ ಹೆಣಗುತ್ತಾರೆ. ಅದನ್ನೋದಿದ ಮೇಲೆ ಬಾಳೆಬರೆ ಘಾಟಿಯ ತಿರುವುಗಳು ರಾತ್ರಿಯಲ್ಲಿ ಬೇರೆಯೇ ತೋರುತ್ತವೆ. ಇಂಗ್ಲಿಷ್ ಬಲ್ಲ ಹೆಣ್ಣುಮಕ್ಕಳಿಗೆ ‘ಹಾಬಿಟ್’.

ಮುಂದಿನ ಸಮ್ಮೇಳನಕ್ಕೆ ಬರುವಾಗ ತಾವೂ ಒಂದೊಂದು ಪುಸ್ತಕವನ್ನು ತರೋಣಾಗಲಿ. ದನಿ ತಗ್ಗಿಸದೆ ಅದರ ಹೆಸರನ್ನು ಹೇಳಿರಿ. ಎಸರಿಡುವ ಮುಂಚೆಯೋ ಆಮೇಲೆಯೋ, ನಾನಂತೂ ಅದನ್ನು ಓದುವೆನು.

— ಸಿದ್ದಾಪುರದ ಓರ್ವ ಹಳೆ ವಿದ್ಯಾರ್ಥಿನಿ