ಗಟ್ಟಿ ರೊಟ್ಟಿಯೂ ಎಳೆಯ ಹಲ್ಲೂ

ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಕೊಣ್ಣೂರಿನಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಬದಿಗೆ ನಿಂತರೆ ಎರಡು ಸಂಗತಿಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಒಂದೆಡೆ ಮಲಪ್ರಭೆಯ ದಂಡೆಯವರೆಗೆ ಹರಡಿಕೊಂಡ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ ಬೆಳೆಯುವ ನೆಲವದು. ಇನ್ನೊಂದೆಡೆ ಕಿರಾಣಿ ಅಂಗಡಿಯ ಬಾಗಿಲಿಗೆ ಹೂಮಾಲೆಯಂತೆ ಇಳಿಬಿಟ್ಟ ಐದು ರೂಪಾಯಿಯ ಪೊಟ್ಟಣಗಳು. ಶಾಲೆಗೂ ಅಂಗನವಾಡಿಗೂ ಹೊರಟ ಮಕ್ಕಳ ಕೈ ಮೊದಲು ಚಾಚುವುದು ಆ ಮಾಲೆಯತ್ತ. ಮನೆಯಲ್ಲಿ ಆ ಮಗು ತಿಂದು ಬಂದದ್ದೇನೆಂದು ಕೇಳಿದರೆ, ಅರ್ಧ ಕಪ್ಪು ಚಹಾ, ಅದರಲ್ಲಿ ಅದ್ದಿದ ನಾಲ್ಕು ಬಿಸ್ಕತ್ತು ಎಂಬ ಉತ್ತರ ಎಷ್ಟೋ ಮನೆಗಳಿಂದ ಬರುತ್ತದೆ. ಕಣಜದಲ್ಲಿ ಜೋಳ, ಗಡಿಗೆಯಲ್ಲಿ ಕಡಲೆ, ಹಿತ್ತಲಲ್ಲಿ ಎಮ್ಮೆ ಇರುವ ಮನೆಗಳಿಂದಲೂ ಬರುತ್ತದೆ.

ಈ ಮಾತನ್ನು ಪರರ ಮನೆಯತ್ತ ಬೆರಳು ತೋರಿಸಲೆಂದು ಬರೆಯುತ್ತಿಲ್ಲ. ನನ್ನ ಮೊಮ್ಮಗನಿಗೆ ಎರಡು ವರ್ಷ ತುಂಬಿದಾಗ ಅವನು ರೊಟ್ಟಿಯನ್ನು ಮುಟ್ಟುತ್ತಿರಲಿಲ್ಲ. ‘ಈಗಿನ ಮಕ್ಕಳಿಗೆ ರೊಟ್ಟಿ ಸೇರುವುದಿಲ್ಲ’ ಎಂದು ನಾನೇ ತೀರ್ಪು ಕೊಟ್ಟು, ಹೊಟ್ಟೆ ಹಸಿದೀತೆಂಬ ಮರುಕದಿಂದ ನಾನೇ ಬಿಸ್ಕತ್ತಿನ ಡಬ್ಬಿ ತೆರೆದೆ. ಅವನ ಮುಂದೆ ನಾವು ಇಟ್ಟಿದ್ದಾದರೂ ಏನು? ಹಿಂದಿನ ದಿನದ ಕಟಕ ರೊಟ್ಟಿ, ದೊಡ್ಡವರಿಗೆಂದು ಮಾಡಿದ ಖಾರದ ಕಾಳುಪಲ್ಯ. ಹಾಲುಹಲ್ಲುಗಳಲ್ಲಿ ಕಟ್ಟಕಡೆಯ ದವಡೆಹಲ್ಲುಗಳು ಮೂಡುವುದು ಸಾಮಾನ್ಯವಾಗಿ ಎರಡು ಎರಡೂವರೆ ವರ್ಷದ ಸುಮಾರಿಗೆ. ಅರೆಯುವ ಕಲ್ಲೇ ಇಲ್ಲದ ಗಿರಣಿಗೆ ಕಾಳು ಸುರಿದು, ಹಿಟ್ಟು ಬರಲಿಲ್ಲವೆಂದು ಗಿರಣಿಯನ್ನು ಬೈದಂತಾಯಿತು ನನ್ನ ನಡೆ. ಮಗು ಜೋಳವನ್ನು ಬೇಡವೆಂದಿರಲಿಲ್ಲ. ನಾವು ಅದನ್ನು ಕೊಟ್ಟ ರೂಪವನ್ನು ಬೇಡವೆಂದಿತ್ತು. ಧಾನ್ಯವನ್ನು ಬಿಡದೆ ರೂಪವನ್ನಷ್ಟೇ ಬದಲಿಸಬೇಕು ಎಂಬುದು ನಾನು ತಡವಾಗಿ ಕಲಿತ ಪಾಠ.

ಗಟ್ಟಿ ರೊಟ್ಟಿಯ ಮಹಿಮೆಯನ್ನು ಕೊಣ್ಣೂರಿನವರಿಗೆ ಯಾರೂ ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮನೆಗಳಿಗೆ ನೀರು ನುಗ್ಗಿದಾಗ ಉತ್ತರ ಕರ್ನಾಟಕದ ಊರೂರುಗಳಲ್ಲಿ ತಾಯಂದಿರು ರೊಟ್ಟಿ ಬಡಿದು, ಗಂಟು ಕಟ್ಟಿ, ನೆರೆಪೀಡಿತ ಹಳ್ಳಿಗಳಿಗೆ ವಾಹನಗಳಲ್ಲಿ ಕಳುಹಿಸಿದರು. ವಾರಗಟ್ಟಲೆ ಕೆಡದ ಅನ್ನ ಅದು, ದಾಸೋಹದ ನಿಜವಾದ ಅರ್ಥವನ್ನು ಅಂದು ಹೊತ್ತು ತಂದ ಅನ್ನ. ಆದರೆ ಕೆಡದಂತೆ ಉಳಿಸಿದ ಆ ಗಟ್ಟಿತನವೇ ಎಳೆಯ ಮಗುವಿಗೆ ತೊಡಕು. ಅದೇ ರೊಟ್ಟಿಯನ್ನು ಮುರಿದು ಬಿಸಿ ಹಾಲಿನಲ್ಲೋ ತಿಳಿಸಾರಿನಲ್ಲೋ ಹತ್ತು ನಿಮಿಷ ನೆನೆಯಿಸಿದರೆ ಅದು ಮಗುವಿನ ಊಟವಾಗುತ್ತದೆ.

ಬಿಸ್ಕತ್ತು ಹೋಗಿ ಜೋಳ ಬರಬೇಕೆಂದು ಹಟ ಹಿಡಿಯುವುದು ಹಳೆಯದರ ಮೋಹದಿಂದಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ 4 ಮಿಲಿಗ್ರಾಂನಷ್ಟು ಕಬ್ಬಿಣಾಂಶವೂ ಇರುತ್ತವೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಸಸಾರಜನಕ 8 ಗ್ರಾಂ ಇದ್ದರೂ ಕಬ್ಬಿಣಾಂಶ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ಹಲವು ಗ್ಲೂಕೋಸ್ ಬಿಸ್ಕತ್ತುಗಳ ಪೊಟ್ಟಣದ ಹಿಂದೆ ಅಚ್ಚಾದ ಪಟ್ಟಿಯನ್ನು ಓದಿದರೆ ತೂಕದ ಕಾಲುಭಾಗದಷ್ಟು ಬರಿಯ ಸಕ್ಕರೆಯೆಂದು ತಿಳಿಯುತ್ತದೆ. ಜೊತೆಗಿರುವ ಚಹಾ ಇನ್ನೊಂದು ಬಗೆಯ ಕಳ್ಳ: ಅದರ ಒಗರು, ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳ ಪೈಕಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಮೂವರಲ್ಲಿ ಇಬ್ಬರು! ಐದು ವರ್ಷದೊಳಗಿನ ಮಕ್ಕಳಿಗೆ ಚಹಾ ಕೊಡಲೇಬಾರದು. ಇದರಲ್ಲಿ ರಾಜಿಗೆ ಎಡೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಲ್ಲೊಂದು ಮಾತನ್ನು ನಮ್ಮವರ ಮುಂದೆಯೇ ಹೇಳಬೇಕಾಗಿದೆ. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲಾರಂಭಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆ ಎದ್ದಿತು, ಮಠಮಾನ್ಯಗಳೂ ಮಾತನಾಡಿದವು. ಆ ಚರ್ಚೆಯನ್ನು ಇಲ್ಲಿ ಮತ್ತೆ ತೆರೆಯುವುದಿಲ್ಲ. ಆದರೆ ಮೊಟ್ಟೆ ನಮ್ಮ ಮನೆಗೆ ಬೇಡವೆಂದು ಹೇಳುವ ನಾವು, ಅದು ಕೊಡಬಹುದಾಗಿದ್ದ ಪೋಷಣೆಯನ್ನು ಬೇರೆ ದಾರಿಯಿಂದ ಕೊಡುವ ಹೊಣೆಯನ್ನು ಆ ಕ್ಷಣದಲ್ಲೇ ಹೊತ್ತಿರುತ್ತೇವೆ. ಬಿಸ್ಕತ್ತೂ ಸಸ್ಯಾಹಾರವೇ, ಖಾರದ ಪೊಟ್ಟಣವೂ ಸಸ್ಯಾಹಾರವೇ. ಹಸಿರು ಚುಕ್ಕೆಯಿದ್ದ ಮಾತ್ರಕ್ಕೆ ಅದು ಮಗುವಿನ ಆಹಾರವಾಗುವುದಿಲ್ಲ. ಸಸ್ಯಾಹಾರಿ ಮನೆಯ ಮಗುವಿಗೆ ದಿನಕ್ಕೆ ಎರಡು ಹೊತ್ತಾದರೂ ಕಾಳು ಅಥವಾ ಬೇಳೆ, ಒಂದೆರಡು ಬಟ್ಟಲು ಹಾಲು ಮೊಸರು ಸಿಗಲೇಬೇಕು. ಅದರಲ್ಲೂ ಬಿ12 ಎಂಬ ಜೀವಸತ್ವ ಕಾಳಿನಲ್ಲಾಗಲಿ ಸೊಪ್ಪಿನಲ್ಲಾಗಲಿ ದೊರೆಯುವುದಿಲ್ಲ; ನಮಗೆ ಅದರ ಮೂಲ ಹಾಲು, ಮೊಸರು, ಮಜ್ಜಿಗೆಗಳೇ. ಮನೆಯ ಹಾಲನ್ನೆಲ್ಲ ಡೇರಿಗೆ ಅಳೆದುಕೊಟ್ಟು ಮಗುವಿಗೆ ಕರಿಚಹಾ ಕುಡಿಸುವ ಲೆಕ್ಕಾಚಾರ ಯಾವ ಲಾಭದ್ದೋ ನನಗೆ ಅರ್ಥವಾಗಿಲ್ಲ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ, 2013ರಲ್ಲಿ ಬಂದ ಕ್ಷೀರಭಾಗ್ಯ ಇವು ಶಾಲೆಯ ಹೊತ್ತನ್ನು ನೋಡಿಕೊಳ್ಳುತ್ತವೆ. ಬೆಳಗು ರಾತ್ರಿಗಳು ನಮ್ಮವೇ.

ಇನ್ನು ಒಲೆಯ ಮಾತಿಗೆ ಬರೋಣ. ಎಲ್ಲಕ್ಕಿಂತ ಸುಲಭವಾದದ್ದು ನುಚ್ಚು. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಅದು ದಿನದ ಊಟವಾಗಿತ್ತು. ಅಕ್ಕಿ ಅಗ್ಗವಾದ ಮೇಲೆ ಬಡವರ ಅನ್ನವೆನಿಸಿಕೊಂಡು ಮರೆಗೆ ಸರಿಯಿತು. ಒಂದು ಬಟ್ಟಲು ಜೋಳದ ನುಚ್ಚು, ಕಾಲು ಬಟ್ಟಲು ಹೆಸರುಬೇಳೆ ಇವನ್ನು ತೊಳೆದು ರಾತ್ರಿಯೇ ನೆನೆಯಿಡಬೇಕು. ಬೆಳಿಗ್ಗೆ ಐದು ಬಟ್ಟಲು ನೀರು, ಚಿಟಿಕೆ ಅರಿಸಿನ, ತುಸು ಉಪ್ಪು ಹಾಕಿ ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿದರೆ ಬೆಣ್ಣೆಯಂತೆ ಬೇಯುತ್ತದೆ. ಅದರ ಮೇಲೊಂದು ಚಮಚ ತುಪ್ಪ. ಕೆಲವು ಮಕ್ಕಳಿಗೆ ಹಾಲು ಬೆಲ್ಲದೊಂದಿಗೆ ರುಚಿ, ಕೆಲವರಿಗೆ ಮೊಸರಿನೊಂದಿಗೆ. ಗಜ್ಜರಿಯನ್ನೋ ಸೋರೆಕಾಯಿಯನ್ನೋ ತುರಿದು ಜೊತೆಗೇ ಬೇಯಿಸಿದರೆ ತರಕಾರಿ ಬೇಡವೆನ್ನುವ ಮಗುವಿನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇದನ್ನೇ ಇನ್ನಷ್ಟು ನೀರಾಗಿ ಬೇಯಿಸಿ, ಉಪ್ಪು ಬೆಲ್ಲ ಹಾಕದೆ, ನುಣ್ಣಗೆ ಮಸೆದು ಕೊಟ್ಟರೆ ಆರು ತಿಂಗಳು ತುಂಬಿದ ಕೂಸಿಗೂ ಮೊದಲ ಊಟವಾದೀತು. ತಾಯಿಯ ಹಾಲು ಮಾತ್ರ ಎರಡು ವರ್ಷದವರೆಗೂ, ಅದರಾಚೆಗೂ ಇರಲಿ.

ಎರಡನೆಯದು ಮುಟಗಿ. ಹೆಸರು ಕೇಳಿದೊಡನೆ ಹಿರಿಯರ ಬಾಯಲ್ಲಿ ನೀರೂರುತ್ತದೆ, ಬೆಳ್ಳುಳ್ಳಿ ಖಾರ ನೆನಪಾಗುತ್ತದೆ. ಮಕ್ಕಳ ಮುಟಗಿಗೆ ಖಾರ ಬೇಡ. ದಪ್ಪಗೆ ಬಡಿದು ಸುಟ್ಟ ರೊಟ್ಟಿಯನ್ನು ಬಿಸಿಯಿರುವಾಗಲೇ ಮುರಿದು, ತುಪ್ಪ, ಜೀರಿಗೆ ಪುಡಿ, ಕಣದಷ್ಟು ಉಪ್ಪು ಸೇರಿಸಿ ಕುಟ್ಟಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದರಾಯಿತು. ಮಗು ಅದನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ಸುತ್ತುತ್ತ ತಿನ್ನುತ್ತದೆ. ಕೂತು ಉಣ್ಣುವ ಶಿಸ್ತು ನಾಲ್ಕನೆಯ ವರ್ಷಕ್ಕೆ ಬಂದರೂ ನಷ್ಟವಿಲ್ಲ ಎಂದು ಕೆಲವು ಅಜ್ಜಂದಿರು ವಾದಿಸುತ್ತಾರೆ. ಓಡುವ ಮಗುವಿನ ಗಂಟಲಲ್ಲಿ ತುತ್ತು ಸಿಕ್ಕುವ ಅಪಾಯವಿರುವುದರಿಂದ ನಾನಂತೂ ಕೂಡಿಸಿಯೇ ತಿನ್ನಿಸುತ್ತೇನೆ.

ಶಾಲೆಯ ಡಬ್ಬಿಗೆ ಪಡ್ಡು ಒಳ್ಳೆಯದು. ಒಂದು ಬಟ್ಟಲು ಹೆಸರುಕಾಳನ್ನು ರಾತ್ರಿ ನೆನೆಯಿಸಿ, ಬೆಳಿಗ್ಗೆ ಸಣ್ಣ ಚೂರು ಹಸಿಶುಂಠಿಯೊಂದಿಗೆ ರುಬ್ಬಿ, ಒಂದು ಬಟ್ಟಲು ಜೋಳದ ಹಿಟ್ಟು ಕಲಸಿ ಕಾಲು ಗಂಟೆ ಬಿಡಬೇಕು. ಮೆಂತ್ಯ ಸೊಪ್ಪನ್ನೋ ಕಿರಕಸಾಲೆಯನ್ನೋ ಸಣ್ಣಗೆ ಹೆಚ್ಚಿ ಹಾಕಿ ಪಡ್ಡಿನ ಹಂಚಿನಲ್ಲಿ ಎರಡೂ ಬದಿ ಬೇಯಿಸಿದರೆ ಹುಳಿ ಬರಿಸುವ ಗೊಡವೆಯೇ ಇಲ್ಲ. ಹಂಚಿಲ್ಲದವರು ತವೆಯ ಮೇಲೆ ನಾಲ್ಕಾಣೆಯಷ್ಟಗಲದ ಪುಟ್ಟ ದೋಸೆಗಳನ್ನು ಹುಯ್ಯಬಹುದು. ಅದೇ ಹಿಟ್ಟು, ಅದೇ ರುಚಿ. ಆದರೆ ದೊಡ್ಡ ದೋಸೆಯ ಅರ್ಧ ಬಿಡುವ ಮಗು ಪುಟ್ಟ ದೋಸೆಗಳನ್ನು ಎಣಿಸುತ್ತ ಆರು ತಿನ್ನುತ್ತದೆ. ಇದರ ಕಾರಣವನ್ನು ಕೇಳಬೇಡಿರಿ, ಪ್ರಯೋಗಿಸಿ ನೋಡಿರಿ. ಡಬ್ಬಿಯ ಮೂಲೆಯಲ್ಲೊಂದು ನಿಂಬೆಹೋಳೋ ಪೇರಲ ಹಣ್ಣಿನ ತುಂಡೋ ಇದ್ದರೆ ಕಾಳಿನ ಕಬ್ಬಿಣಾಂಶ ದೇಹಕ್ಕೆ ಹತ್ತಲು ಅದು ನೆರವಾಗುತ್ತದೆ.

ಖಾರ ಹಾಕದ ಝುಣಕ, ಎಳೆಸೌತೆ, ಗಟ್ಟಿ ಮೊಸರು ಇವುಗಳ ಬಗೆಗೆ ವಿವರಿಸಬೇಕಾಗಿಲ್ಲ. ಆದರೆ ಸಂಜೆಯ ತಿಂಡಿಯ ಬಗೆಗೆ ಒಂದು ಮಾತು. ಬಿಸ್ಕತ್ತಿನ ಜಾಗವನ್ನು ತುಂಬಬಲ್ಲದ್ದು ಉಂಡಿ ಮಾತ್ರ. ಹುರಿದ ಶೇಂಗಾ ಒಂದು ಬಟ್ಟಲು, ಪುಟಾಣಿ ಅರ್ಧ ಬಟ್ಟಲು, ಹುರಿದ ಅಗಸಿ ಎರಡು ಚಮಚ, ಎಲ್ಲವನ್ನೂ ಪುಡಿ ಮಾಡಿ ಅರ್ಧ ಬಟ್ಟಲಿಗೂ ಕಡಿಮೆ ಬೆಲ್ಲದೊಂದಿಗೆ ಕಟ್ಟಿಟ್ಟರೆ ವಾರವಿಡೀ ಬರುತ್ತದೆ. ಬೆಲ್ಲವೆಂದರೆ ಔಷಧವೆಂದು ಭಾವಿಸಿ ಸುರಿಯುವವರಿದ್ದಾರೆ. ಹಲ್ಲಿಗೆ ಬೆಲ್ಲವೂ ಸಕ್ಕರೆಯೇ. ದಿನಕ್ಕೊಂದು ಉಂಡಿ ಸಾಕು. ಇಡೀ ಶೇಂಗಾ, ಹುರಿದ ಕಡಲೆ, ನಾಗರ ಪಂಚಮಿಯ ಜೋಳದ ಅರಳು ಇವನ್ನು ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಕಾಳಾಗಿಯೇ ಕೊಡಬಾರದು, ಉಸಿರುನಾಳಕ್ಕೆ ಇಳಿದಾವು. ಪುಡಿಯಾಗಿ ಕೊಡಬೇಕು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸುವ ರೂಢಿಯೂ ನಿಲ್ಲಬೇಕು.

ತಟ್ಟೆಯಲ್ಲಿ ಪ್ರಸಾದ ಬಿಡಬಾರದೆಂಬುದು ನಮ್ಮ ನಂಬಿಕೆ. ಅದನ್ನು ಮುಂದಿಟ್ಟುಕೊಂಡು ಮಗುವಿನ ಬಾಯಿಗೆ ಒತ್ತಾಯದ ತುತ್ತು ತುರುಕುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಬಿಡಬಾರದೆಂದರೆ ಕಡಿಮೆ ನೀಡಬೇಕು, ಬೇಡಿದರೆ ಮತ್ತೆ ನೀಡಬೇಕು. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು ಹತ್ತು ಸಲವಾದರೂ ಅದು ಕಣ್ಣಮುಂದೆ ಬರಬೇಕಾಗುತ್ತದೆ. ಎರಡನೆಯ ಸಲಕ್ಕೇ ನಾವು ಸೋತು ಅಂಗಡಿಗೆ ನಡೆಯುತ್ತೇವೆ. ಶೀಗೆ ಹುಣ್ಣಿಮೆಗೋ ಎಳ್ಳ ಅಮಾವಾಸ್ಯೆಗೋ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಅದೇ ಮಗು ಸಜ್ಜೆರೊಟ್ಟಿಯನ್ನೂ ಕಾಳುಪಲ್ಯವನ್ನೂ ಎಲ್ಲರ ನಡುವೆ ಕೂತು ತಿಂದು ಬರುವುದನ್ನು ನೋಡಿಲ್ಲವೇ? ಅಂದು ಮೊಬೈಲು ಮುಂದಿರಲಿಲ್ಲ, ಎಲ್ಲರ ಎಲೆಯಲ್ಲಿಯೂ ಒಂದೇ ಊಟವಿತ್ತು.

‘ಸೂರ್ಯ ಹುಟ್ಟುವ ಮೊದಲೇ ಕಳೆ ತೆಗೆಯಲು ಹೊರಡುವವಳಿಗೆ ಇದೆಲ್ಲ ಎಲ್ಲಿಯ ಪುರುಸೊತ್ತು?’ ಎಂದು ಸೊಸೆ ನನ್ನನ್ನು ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ನುಚ್ಚು ನೆನೆಹಾಕಲು ರಾತ್ರಿ ಎರಡು ನಿಮಿಷ ಸಾಕೆಂದು ನಾನು ಉತ್ತರಿಸಿದೆ. ಆ ಎರಡು ನಿಮಿಷ ನಿಮ್ಮ ಮಗನದೂ ಆಗಬಹುದಲ್ಲವೇ ಎಂದು ಅವಳು ಮರುನುಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ನುಚ್ಚು ನೆನೆಯಿಡುವ ಕಾಯಕ ಅವನದು. ಗಿರಣಿಗೆ ಜೋಳ ಒಯ್ಯುವಾಗ ಹಿಟ್ಟಿನ ಚೀಲದೊಂದಿಗೆ ಎರಡು ಸೇರು ನುಚ್ಚು ಒಡೆಸುವುದಕ್ಕೆ ಬೇರೆ ಚೀಲವನ್ನೂ ಅವನೇ ಒಯ್ಯುತ್ತಾನೆ. ಮೊಮ್ಮಗ ಈಗಲೂ ಹೆದ್ದಾರಿಯ ಅಂಗಡಿಯ ಮುಂದೆ ನಿಂತು ಮಾಲೆಯತ್ತ ನೋಡುತ್ತಾನೆ, ವಾರಕ್ಕೊಮ್ಮೆ ಗೆಲ್ಲುತ್ತಾನೆ ಕೂಡ. ಉಳಿದ ಆರು ದಿನ ಅವನ ಜೇಬಿನಲ್ಲಿ ಉಂಡಿ ಇರುತ್ತದೆ.