ಗೃಹೋಪಯೋಗಿ ವಿಚಾರಗಳು: ಕಾರಿನ ಏರ್ ಫಿಲ್ಟರನ್ನು ಮನೆಯಲ್ಲಿ ತೊಳೆಯುವ ಕ್ರಮ

ಸುಗ್ಗಿಯ ದಿನಗಳಲ್ಲಿ ದಾವಣಗೆರೆ ಜಿಲ್ಲೆಯ ದಾರಿಗಳಲ್ಲಿ ಸಂಚರಿಸುವವರಿಗೆ ಧೂಳಿನ ವಿಷಯವನ್ನು ನಾವು ವಿವರಿಸಬೇಕಾದುದಿಲ್ಲ. ಜಗಳೂರಿನ ಕಡೆ ರಸ್ತೆಯ ಮೇಲೆಯೇ ಒಕ್ಕುವ ಮೆಕ್ಕೆಜೋಳದ ಹೊಟ್ಟು, ಹೊನ್ನಾಳಿಯ ಗದ್ದೆಬಯಲಿನಲ್ಲಿ ಭತ್ತದ ತೌಡು, ಚನ್ನಗಿರಿ ನ್ಯಾಮತಿಗಳ ತೋಟದ ದಾರಿಗಳಲ್ಲಿ ಅಡಕೆಯ ಗಾಡಿಗಳು ಎಬ್ಬಿಸುವ ಮಣ್ಣು, ಇವೆಲ್ಲವೂ ಗಾಳಿಯೊಡನೆ ಬೆರೆತಿರುವುವು. ದಾರಿಹೋಕನು ಮೂಗಿಗೆ ವಸ್ತ್ರವನ್ನು ಅಡ್ಡ ಹಿಡಿಯುತ್ತಾನೆ. ಕಾರಿನ ಎಂಜಿನಿಗೆ ಆ ವಸ್ತ್ರದ ಕೆಲಸವನ್ನು ಮಾಡುವುದೇ ಏರ್ ಫಿಲ್ಟರು.

ಎಂಜಿನು ಕುಡಿಯುವ ಗಾಳಿಯ ಪ್ರಮಾಣವನ್ನು ಕೇಳಿದರೆ ಆಶ್ಚರ್ಯವಾಗುವುದು. ಒಂದು ಲೀಟರು ಪೆಟ್ರೋಲು ಉರಿಯಬೇಕಾದರೆ ಸುಮಾರು 9,000 ಲೀಟರು ಗಾಳಿ ಬೇಕು. ಲೀಟರಿಗೆ 15 ಕಿಲೋಮೀಟರು ಓಡುವ ಕಾರು 150 ಕಿಲೋಮೀಟರು ಹೋಗಿ ಬಂದರೆ 90,000 ಲೀಟರು ಗಾಳಿಯನ್ನು ಒಳಕ್ಕೆ ಎಳೆದುಕೊಂಡಂತಾಯಿತು. ಅದರಲ್ಲಿನ ಮರಳಿನ ಕಣ ಕೂದಲೆಳೆಯ ಹತ್ತರಲ್ಲೊಂದು ಪಾಲಿನಷ್ಟು ಸಣ್ಣದಾಗಿದ್ದರೂ, ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ಬಳೆಗೂ ನಡುವೆ ಸೇರಿ ಸಾಣೆಯ ಪುಡಿಯಂತೆ ಉಜ್ಜುತ್ತದೆ. ಹೀಗೆ ಸವೆದ ಎಂಜಿನನ್ನು ಸರಿಪಡಿಸುವ ವೆಚ್ಚದಲ್ಲಿ ಎಷ್ಟೋ ಫಿಲ್ಟರುಗಳನ್ನು ಕೊಳ್ಳಬಹುದು. ಆದುದರಿಂದ ಇದನ್ನು ಸಣ್ಣ ಕೆಲಸವೆಂದು ಉಪೇಕ್ಷಿಸಲಾಗದು.

ಎಲ್ಲ ಫಿಲ್ಟರುಗಳೂ ತೊಳೆಯತಕ್ಕವುಗಳಲ್ಲವೆಂಬುದನ್ನು ಗೃಹಸ್ಥರು ಮೊದಲು ಅರಿತಿರಬೇಕು. ಬಹುಮಟ್ಟಿನ ಕಾರುಗಳೊಡನೆ ಬರುವುದು ಕಾಗದದ ಫಿಲ್ಟರು. ಅದಕ್ಕೆ ನೀರು ಸೋಕಿಸಕೂಡದು; ಅವಧಿ ತುಂಬಿದ ಮೇಲೆ ಬದಲಾಯಿಸುವುದೊಂದೇ ಮಾರ್ಗ. ತೊಳೆದು ಮತ್ತೆ ಉಪಯೋಗಿಸುವಂಥದು ಹತ್ತಿಯ ಜಾಲರಿಯ ಪದರಗಳನ್ನು ತಂತಿಬಲೆಯ ನಡುವೆ ಮಡಿಸಿ, ಎಣ್ಣೆ ಹಚ್ಚಿ ಸಿದ್ಧಪಡಿಸಿದುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಪ್ರಾರಂಭವಾದ ಕೆ ಅಂಡ್ ಎನ್ ಎಂಬ ಸಂಸ್ಥೆಯಿಂದ ಈ ಬಗೆಯು ಪ್ರಸಿದ್ಧಿಗೆ ಬಂದಿತು. ಎಣ್ಣೆಯಿಲ್ಲದೆಯೇ ಕೆಲಸಮಾಡುವ ಕೃತಕ ನೂಲಿನ ಫಿಲ್ಟರುಗಳೂ ಉಂಟು. ಅವುಗಳಿಗೆ ಎಣ್ಣೆ ಹಚ್ಚಿದರೆ ಕೆಡುವುವು. ಆದುದರಿಂದ ಪೆಟ್ಟಿಗೆಯ ಮೇಲಿನ ಬರಹವನ್ನು ಓದಿಯೇ ಮುಂದುವರಿಯತಕ್ಕದ್ದು.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂದು ಕೇಳುವವರುಂಟು. ಅಡಿಗಡಿಗೆ ತೊಳೆಯುವುದು ಒಳ್ಳೆಯದೆಂಬ ಭಾವನೆ ಸರಿಯಲ್ಲ. ಜಾಲರಿಯಲ್ಲಿ ಸ್ವಲ್ಪ ಧೂಳು ಕುಳಿತ ಮೇಲೆ ಅದು ಇನ್ನೂ ಸಣ್ಣ ಕಣಗಳನ್ನು ತಡೆಯಬಲ್ಲುದು. ಫಿಲ್ಟರು ಕೊಳೆಯಾದರೆ ಪೆಟ್ರೋಲು ಹೆಚ್ಚು ಸುಡುವುದೆಂಬ ಮಾತೂ ಈಗಿನ ಕಾರುಗಳಿಗೆ ಅನ್ವಯಿಸದು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಈಗಿನ ಇಂಜೆಕ್ಷನ್ ಪದ್ಧತಿಯ ಪೆಟ್ರೋಲು ಕಾರುಗಳ ಮೈಲೇಜಿಗೆ ಗಮನಾರ್ಹವಾದ ಕೊರತೆ ಕಾಣಲಿಲ್ಲ. ವೇಗವನ್ನು ಹಿಡಿಯುವ ಶಕ್ತಿ ಮಾತ್ರ ತಗ್ಗಿತ್ತು. ನಮ್ಮ ಸೀಮೆಯವರು 5,000 ಕಿಲೋಮೀಟರಿಗೊಮ್ಮೆ ತೆಗೆದು ನೋಡಲಿ. ತಂತಿಬಲೆಯು ಧೂಳಿನಲ್ಲಿ ಮುಚ್ಚಿಹೋಗಿದ್ದರೆ ಮಾತ್ರ ತೊಳೆಯಲಿ. ಒಕ್ಕಣೆ ಮುಗಿದ ಮೇಲೊಮ್ಮೆ ನೋಡುವುದಂತೂ ಅವಶ್ಯಕ.

ಇನ್ನು ತೊಳೆಯುವ ಕ್ರಮ. ಎಂಜಿನು ತಣ್ಣಗಾದ ಮೇಲೆ ಬಾನೆಟ್ಟನ್ನೆತ್ತಿ, ಫಿಲ್ಟರಿನ ಪೆಟ್ಟಿಗೆಯ ಕ್ಲಿಪ್ಪುಗಳನ್ನು ಬಿಡಿಸಿ, ಯಾವ ಮಗ್ಗುಲು ಮೇಲಿತ್ತೆಂಬುದನ್ನು ಗುರುತಿಟ್ಟುಕೊಂಡು ಹೊರಕ್ಕೆ ತೆಗೆಯಬೇಕು. ಎಂಜಿನಿಗೆ ಹೋಗುವ ಕೊಳವೆಯ ಬಾಯಿಗೆ ಶುಭ್ರವಾದ ಬಟ್ಟೆಯನ್ನು ಮುಚ್ಚಿ, ಪೆಟ್ಟಿಗೆಯ ಒಳಗನ್ನು ಒದ್ದೆಬಟ್ಟೆಯಿಂದ ಒರೆಸಿಡತಕ್ಕದ್ದು. ಫಿಲ್ಟರನ್ನು ಮೆಲ್ಲಗೆ ತಟ್ಟಿ ಸಡಿಲವಾದ ಧೂಳನ್ನು ಉದುರಿಸಿ, ಅದಕ್ಕೆಂದೇ ಮಾರುವ ಶುದ್ಧಿದ್ರವವನ್ನು ಎರಡು ಮಗ್ಗುಲಿಗೂ ಸಿಂಪಡಿಸಿ, ಹತ್ತು ನಿಮಿಷ ನೆನೆಯಬಿಡಬೇಕು, ಒಣಗಗೊಡಬಾರದು. ಅನಂತರ ತಣ್ಣೀರನ್ನು ಚೊಕ್ಕಟವಾದ ಮಗ್ಗುಲಿನಿಂದ ಕೊಳೆಯ ಮಗ್ಗುಲಿಗೆ ಹಾಯುವಂತೆ ಮೆಲ್ಲಗೆ ಸುರಿಯಬೇಕು. ಹಿಂದುಮುಂದಾದರೆ ಧೂಳು ಜಾಲರಿಯ ಒಳಕ್ಕೇ ಇಳಿಯುವುದು. ನೀರು ಅಪರೂಪವಾದ ಜಗಳೂರಿನಂಥ ಕಡೆ ಬಕೆಟ್ಟಿನ ನೀರೂ ಒಂದು ಚೊಂಬೂ ಸಾಕು. ರಭಸದ ಪಂಪಿನ ನೀರು ಹತ್ತಿಯ ನೂಲನ್ನು ಹರಿಯುವುದು. ಸೀಮೆಎಣ್ಣೆ, ಪೆಟ್ರೋಲು, ಬಿಸಿನೀರು ಇವಾವುವೂ ಸಲ್ಲವು. ತೊಳೆದ ನೀರನ್ನು ದನದ ತೊಟ್ಟಿಗಾಗಲಿ ತೋಟದ ಕಾಲುವೆಗಾಗಲಿ ಬಿಡಬಾರದು.

ಇಲ್ಲಿಗೆ ಅರ್ಧ ಕೆಲಸ ಮಾತ್ರ ಆಯಿತು. ಅನೇಕರು ಕೆಡಿಸುವುದು ಉಳಿದ ಅರ್ಧವನ್ನು. ನೀರನ್ನು ಒದರಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟು ಪೂರ್ತಿಯಾಗಿ ಆರಿಸತಕ್ಕದ್ದು. ಬೇಸಗೆಯಲ್ಲಿ ಒಂದು ಹಗಲು ಸಾಕಾದೀತು. ಮಲೆನಾಡಿನ ಅಂಚಿನ ನ್ಯಾಮತಿಯ ಕಡೆ ಆಷಾಢದ ಜಡಿಮಳೆಯಲ್ಲಿ ಎರಡು ದಿನಗಳೂ ಹಿಡಿಯಬಹುದು. ಒಲೆಯ ಬಿಸಿ, ಪಂಕ್ಚರ್ ಅಂಗಡಿಯ ಒತ್ತಡದ ಗಾಳಿ ಇವೆರಡೂ ಅಪಾಯಕರ. ಒದ್ದೆಯಾದುದಕ್ಕೆ ಎಣ್ಣೆ ಹಿಡಿಯದು.

ಆರಿದ ಮೇಲೆ ಫಿಲ್ಟರಿಗಾಗಿ ತಯಾರಿಸಿದ ಎಣ್ಣೆಯನ್ನು ಪ್ರತಿಯೊಂದು ಮಡಿಕೆಯ ಏಣಿನ ಉದ್ದಕ್ಕೂ ತೆಳುವಾಗಿ ಒಂದು ಗೆರೆಯಂತೆ ಹಾಕಿ, ಇಪ್ಪತ್ತು ನಿಮಿಷ ಕಾಯಬೇಕು. ಧೂಳನ್ನು ಹಿಡಿದಿಡುವುದು ಈ ಎಣ್ಣೆಯ ಅಂಟು. ಇದಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣವನ್ನು ಕೂಡಿಸಿರುವುದರಿಂದ, ಎಲ್ಲಿ ಬೆಳ್ಳಗೆ ಉಳಿದಿದೆಯೋ ಅಲ್ಲಿ ಇನ್ನೊಂದು ಹನಿ ಹಾಕಬಹುದು. ಕಡಮೆಯಾದರೆ ಧೂಳು ನುಸುಳುವುದು. ಹೆಚ್ಚಾದರೆ ಗಾಳಿಯೊಡನೆ ಹಾರಿ, ಮುಂದಿರುವ ಗಾಳಿಯಳೆಯುವ ಸೆನ್ಸಾರಿಗೆ ಅಂಟಿ ಅದರ ಲೆಕ್ಕವನ್ನು ತಪ್ಪಿಸುವುದು. ಅಡುಗೆಯ ಎಣ್ಣೆ, ಎಂಜಿನ್ ಆಯಿಲ್ ಇವು ಇದಕ್ಕೆ ಬದಲಾಗಲಾರವು. ಕಡೆಯಲ್ಲಿ ರಬ್ಬರಿನ ಅಂಚು ಸುತ್ತಲೂ ಸಮವಾಗಿ ಕುಳಿತಿದೆಯೇ ಎಂಬುದನ್ನು ಬೆರಳಿನಿಂದ ಮುಟ್ಟಿ ನೋಡಿ, ಕ್ಲಿಪ್ಪುಗಳನ್ನು ಭದ್ರಪಡಿಸಬೇಕು. ಅಂಚಿನಲ್ಲಿ ಸಂದಿದ್ದರೆ ಫಿಲ್ಟರು ಎಷ್ಟು ಶುಭ್ರವಾಗಿದ್ದರೂ ವ್ಯರ್ಥವೇ.

ಮರುದಿನ ಮುಂಜಾನೆಯೇ ಪ್ರಯಾಣವಿರುವವರು ಹಿಂದಿನ ಸಂಜೆ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು. ಆರುವವರೆಗೆ ಕಾಯುವ ತಾಳ್ಮೆಯಿಲ್ಲದವರಿಗೆ ಕಾಗದದ ಫಿಲ್ಟರೇ ಯೋಗ್ಯವಾದುದು. ಅದನ್ನು ಕಾಲಕಾಲಕ್ಕೆ ಬದಲಾಯಿಸಿದರೆ ಎಂಜಿನಿಗೆ ಯಾವ ಕೊರತೆಯೂ ಆಗದು. ತಾಳ್ಮೆಯುಳ್ಳವರಿಗೆ ಮಾತ್ರ ತೊಳೆಯುವ ಫಿಲ್ಟರು ವರ್ಷಗಟ್ಟಲೆ ಬಾಳಿ ಉಳಿತಾಯವನ್ನು ಉಂಟುಮಾಡುವುದು.