ನೋವಿಲ್ಲದ ಹೃದ್ರೋಗ: ಮಧುಮೇಹಿಗಳ ತಪಾಸಣೆ ಹೇಗಿರಬೇಕು?

ರಾಜ್ಯ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯು ಮಧುಮೇಹ, ರಕ್ತದೊತ್ತಡಗಳ ತಪಾಸಣೆಯನ್ನು ಮನೆಬಾಗಿಲಿಗೇ ತಂದಿತು. ಇದು ಸ್ವಾಗತಾರ್ಹ. ಆದರೆ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಬಳಿಕ ಕೆ.ಜಿ.ಎಫ್., ಬಂಗಾರಪೇಟೆಗಳ ಸಾವಿರಾರು ಜನರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ತಪಾಸಣೆಯವರು ಬಂದಾಗ ಅವರು ಮನೆಯಲ್ಲಿರುವುದಿಲ್ಲ.

ಮಧುಮೇಹವು ಕಾಲಕ್ರಮೇಣ ನರಗಳನ್ನು ಮಂಕಾಗಿಸುವುದರಿಂದ ಹೃದಯಕ್ಕೆ ರಕ್ತ ಸಾಲದಾದರೂ ಎದೆನೋವು ಕಾಣದಿರಬಹುದು. ಹಾಗೆಂದು ಎಲ್ಲ ಮಧುಮೇಹಿಗಳಿಗೂ ಹೃದಯದ ಸ್ಕ್ಯಾನ್ ಅಗತ್ಯವೇ? ಲಕ್ಷಣಗಳಿಲ್ಲದ 1,123 ಮಧುಮೇಹಿಗಳನ್ನು ಸುಮಾರು ಐದು ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ‘ಡಯಾಡ್’ ಅಧ್ಯಯನದಲ್ಲಿ, ಸ್ಕ್ಯಾನ್ ಆದವರ ಪೈಕಿ ಸುಮಾರು ಐವರಲ್ಲಿ ಒಬ್ಬರಿಗೆ ದೋಷ ಕಂಡಿತು. ಆದರೂ ಸ್ಕ್ಯಾನ್‌ನಿಂದ ಹೃದಯಾಘಾತ, ಸಾವುಗಳು ಗಣನೀಯವಾಗಿ ತಗ್ಗಲಿಲ್ಲ.

ಆದುದರಿಂದ ಸಾಲಮಾಡಿ ಸ್ಕ್ಯಾನ್ ಮಾಡಿಸುವುದಕ್ಕಿಂತ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್‌ಗಳನ್ನು ಹತೋಟಿಯಲ್ಲಿಡುವುದು, ತಂಬಾಕನ್ನು ತ್ಯಜಿಸುವುದು ಮೇಲೆಂಬುದು ನಮ್ಮ ಅಭಿಮತ. ಆದರೆ ಹೊಸದಾಗಿ ಏದುಸಿರು, ಅಕಾರಣ ಬೆವರು, ವಿಪರೀತ ಆಯಾಸ ಕಂಡಲ್ಲಿ, ನೋವಿಲ್ಲವೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು, ಒಂದು ಇ.ಸಿ.ಜಿ. ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತರಾಗಬಾರದು.

ಭಾನುವಾರಗಳಂದೂ ಮನೆಮನೆ ತಪಾಸಣೆ ನಡೆಯಲೆಂದು ಸರ್ಕಾರವನ್ನು ಆಗ್ರಹಿಸುತ್ತೇವೆ. ಕಾಯಕಜೀವಿಗಳು ಕೈಗೆ ಸಿಗುವುದು ಅಂದೇ.